ಅಪ್ಪ ಅಮ್ಮ, ಮಕ್ಕಳು, ಒಂದು ಆರ್‌ವಿ: ಯೆಲ್ಲೋಸ್ಟೋನ್‌ನಲ್ಲಿ ನಾವು ಉಳಿದ ಬಗೆ

ಊರಿಂದ ಬಂದ ಅಪ್ಪ ಅಮ್ಮನನ್ನು ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಪಾರ್ಕಿಗೆ ಕರೆದುಕೊಂಡು ಹೋಗಬೇಕು ಅಂದುಕೊಂಡವರಿಗೆ ನಾನು ಹೇಳುವುದು ಇಷ್ಟೇ: ಆಗುವುದಾದರೆ ಆರ್‌ವಿ, ಅಂದರೆ ಒಳಗೇ ಹಾಸಿಗೆ, ಅಡುಗೆ ಕಟ್ಟೆ, ಟಾಯ್ಲೆಟ್ ಇರುವ ದೊಡ್ಡ ಗಾಡಿ, ಬಾಡಿಗೆಗೆ ತಗೊಳ್ಳಿ. ಹೋಟೆಲ್‌ಗಿಂತ ಅಗ್ಗ ಅಂತಲ್ಲ. ಬಾಡಿಗೆ, ಮೈಲಿಗಿಷ್ಟು ಅನ್ನುವ ಲೆಕ್ಕ, ಪೆಟ್ರೋಲು, ರಾತ್ರಿ ಗಾಡಿ ನಿಲ್ಲಿಸುವ ಕ್ಯಾಂಪ್‌ಗ್ರೌಂಡ್ ಎಲ್ಲ ಸೇರಿದರೆ ನಮಗೆ ಹೆಚ್ಚೂಕಡಿಮೆ ಒಂದೇ ಆಯಿತು. ಕಾರಣ ಬೇರೆ. ಪಾರ್ಕಿನಲ್ಲಿ ಎಲ್ಲಿ ಗಾಡಿ ನಿಲ್ಲಿಸಿದರೂ ಅಲ್ಲೇ ಟಾಯ್ಲೆಟ್, ಅಲ್ಲೇ ಹಾಸಿಗೆ, ಅಲ್ಲೇ ಅನ್ನ ಸಾರು. ಎಪ್ಪತ್ತು ದಾಟಿದವರಿಗೆ ಈ ಮೂರು ಸಿಕ್ಕರೆ ಉಳಿದದ್ದನ್ನೆಲ್ಲ ಅವರು ಖುಷಿಯಾಗಿ ನೋಡುತ್ತಾರೆ. ಸಿಗದಿದ್ದರೆ ಎಂಥ ಚೆಂದದ ಜಾಗದಲ್ಲೂ "ಎಷ್ಟೊತ್ತಿಗೆ ವಾಪಸ್ ಹೋಗೋದು?" ಅಂತಲೇ ಕೇಳುತ್ತಿರುತ್ತಾರೆ.

ನಾವು ಆರು ಜನ. ಸಾಗರದಿಂದ ಬಂದಿದ್ದ ಅಪ್ಪ ಅಮ್ಮ, ನಾನು, ನನ್ನ ಗಂಡ, ಇಬ್ಬರು ಮಕ್ಕಳು. ಸಾಲ್ಟ್ ಲೇಕ್ ಸಿಟಿಗೆ ವಿಮಾನದಲ್ಲಿ ಹೋಗಿ ಅಲ್ಲಿ ಕ್ಲಾಸ್ ಸಿ ಆರ್‌ವಿ ಬಾಡಿಗೆಗೆ ತಗೊಂಡೆವು. ಅಂದರೆ ಮುಂದೆ ವ್ಯಾನಿನ ಮೂತಿ, ಡ್ರೈವರ್ ತಲೆ ಮೇಲೆ ಒಂದು ಹಾಸಿಗೆ ಇರುವ ಗಾಡಿ. ಆ ಮೇಲಿನ ಹಾಸಿಗೆ ಮಕ್ಕಳಿಗೆ. ಹಿಂದಿನ ದೊಡ್ಡ ಹಾಸಿಗೆ ಅಪ್ಪ ಅಮ್ಮನಿಗೆ, ಟಾಯ್ಲೆಟ್ ಅದರ ಪಕ್ಕದಲ್ಲೇ. ಊಟದ ಟೇಬಲ್ ಮಡಿಸಿದರೆ ನಮ್ಮಿಬ್ಬರ ಹಾಸಿಗೆ. ಓಡಿಸಲು ಮಾಮೂಲಿ ಡ್ರೈವಿಂಗ್ ಲೈಸೆನ್ಸ್ ಸಾಕು. ಗಾಡಿ ತೋರಿಸುವವರು ಗಡಿಬಿಡಿಯಲ್ಲಿ ಹೇಳುವುದನ್ನೆಲ್ಲ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಗಾಡಿಯ ಎತ್ತರ ಎಷ್ಟು ಅಂತ ಚೀಟಿ ಬರೆದು ಸ್ಟೇರಿಂಗ್ ಹತ್ತಿರ ಅಂಟಿಸಿಕೊಳ್ಳಿ. ಪೆಟ್ರೋಲ್ ಬಂಕಿನ ಚಾವಣಿ, ತಗ್ಗಿದ ಮರದ ಕೊಂಬೆ ಕಂಡಾಗ ಅದು ಬೇಕಾಗುತ್ತದೆ.

ಅಲ್ಲಿಂದ ವೆಸ್ಟ್ ಯೆಲ್ಲೋಸ್ಟೋನ್‌ಗೆ ಸುಮಾರು 320 ಮೈಲಿ. ಕಾರಿನಲ್ಲಿ ಐದು ಗಂಟೆ, ಆರ್‌ವಿಯಲ್ಲಿ ಜಾಸ್ತಿ. ಒಂದೇ ದಿನ ಓಡಿಸದೆ ಐಡಾಹೊ ಫಾಲ್ಸ್‌ನಲ್ಲಿ ರಾತ್ರಿ ಉಳಿದೆವು. ತರಕಾರಿ, ಮೊಸರು, ಹಾಲು ತುಂಬಿಸಿಕೊಳ್ಳಲು ಅಲ್ಲಿ ದೊಡ್ಡ ಅಂಗಡಿಗಳಿವೆ. ಇನ್ನೊಂದು ಕಾರಣ ಅಮ್ಮನ ಬಿಪಿ. ಆ ಊರು ಸುಮಾರು 4,700 ಅಡಿ ಎತ್ತರದಲ್ಲಿದೆ, ಪಾರ್ಕಿನ ಸರೋವರದ ಹತ್ತಿರ 7,700 ಅಡಿ ದಾಟುತ್ತದೆ. ನಡುವೆ ಒಂದು ರಾತ್ರಿ ನಿಂತು, ನೀರು ಚೆನ್ನಾಗಿ ಕುಡಿದು ಹತ್ತಿದ್ದು ಒಳ್ಳೆಯದಾಯಿತು.

ಕ್ಯಾಂಪ್‌ಗ್ರೌಂಡ್ ಎರಡು ಆರಿಸಿಕೊಂಡಿದ್ದೆವು. ಮೊದಲು ಪಶ್ಚಿಮದ ಕಡೆಯ ಮ್ಯಾಡಿಸನ್, ಆಮೇಲೆ ಸರೋವರದ ಹತ್ತಿರದ ಫಿಶಿಂಗ್ ಬ್ರಿಜ್. ಮ್ಯಾಡಿಸನ್‌ನಲ್ಲಿ ಕರೆಂಟಿಲ್ಲ, ಸೈಟಿಗೆ, ಅಂದರೆ ಒಂದೊಂದು ಗಾಡಿಗೆ ಕೊಡುವ ಜಾಗಕ್ಕೆ, ನಲ್ಲಿ ಇಲ್ಲ, ಸ್ನಾನದ ಮನೆಯೂ ಇಲ್ಲ. ಫಿಶಿಂಗ್ ಬ್ರಿಜ್‌ನಲ್ಲಿ ಕರೆಂಟು, ನೀರು, ಕೊಳಚೆ ಪೈಪು ಮೂರೂ ಸೈಟಿನಲ್ಲೇ ಸಿಗುತ್ತವೆ. ಪಾರ್ಕ್ ಒಳಗೆ ಈ ಮೂರೂ ಇರುವ ಕ್ಯಾಂಪ್‌ಗ್ರೌಂಡ್ ಅದೊಂದೇ. ಕರಡಿ ಓಡಾಡುವ ಜಾಗ ಅಂತ ಅಲ್ಲಿ ಟೆಂಟ್ ಹಾಕಲು ಬಿಡುವುದಿಲ್ಲ, ಗಟ್ಟಿ ಗೋಡೆಯ ಗಾಡಿಗಳಿಗೆ ಮಾತ್ರ ಜಾಗ. ಅಮ್ಮನಿಗೆ ಈ ನಿಯಮ ಕೇಳಿಯೇ ಧೈರ್ಯ ಬಂತು. ಎರಡೂ ಕಡೆ ಬೇಸಿಗೆಯ ಸೈಟುಗಳು ಬಹಳ ಮೊದಲೇ ಖಾಲಿಯಾಗುತ್ತವೆ. ಅಪ್ಪ ಅಮ್ಮನ ವೀಸಾ, ಟಿಕೆಟ್ ಎಲ್ಲಕ್ಕಿಂತ ಮೊದಲು ನಾವು ಮಾಡಿದ ಕೆಲಸ ಸೈಟ್ ಬುಕಿಂಗ್.

ಕರೆಂಟಿಲ್ಲದ ಜಾಗದಲ್ಲಿ ಚಳಿಯದ್ದೇ ದೊಡ್ಡ ವಿಷಯ. ಜುಲೈ ಅಂದರೂ ರಾತ್ರಿ ಸೊನ್ನೆಯ ಹತ್ತಿರ ಇಳಿಯಬಹುದು. ಹೀಟರ್ ಉರಿಯುವುದು ಪ್ರೊಪೇನ್ ಗ್ಯಾಸಿನಿಂದ. ಆದರೆ ಬಿಸಿ ಗಾಳಿ ಊದುವ ಫ್ಯಾನ್ ಓಡುವುದು ಬ್ಯಾಟರಿಯಿಂದ. ರಾತ್ರಿಯಿಡೀ ಬಿಟ್ಟರೆ ಬೆಳಗಿನ ಜಾವಕ್ಕೆ ಬ್ಯಾಟರಿ ಸೋಲುತ್ತದೆ. ಜನರೇಟರ್ ಹಾಕೋಣ ಅಂದರೆ ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಮಾತ್ರ. ಹಾಗಾಗಿ ಮಲಗುವ ಮೊದಲು ಒಳಗೆ ಚೆನ್ನಾಗಿ ಬಿಸಿ ಮಾಡಿ, ಆಮೇಲೆ ಹೀಟರನ್ನು ಕಡಿಮೆಗೆ ಇಟ್ಟು, ಅಪ್ಪ ಅಮ್ಮನಿಗೆ ಎರಡೆರಡು ಕಂಬಳಿ, ಉಲ್ಲನ್ ಟೋಪಿ ಕೊಟ್ಟೆವು. ಹಗಲು ಗಾಡಿ ಓಡಿದಾಗ ಬ್ಯಾಟರಿ ಮತ್ತೆ ತುಂಬಿಕೊಳ್ಳುತ್ತದೆ.

ನೀರಿನ ವಿಷಯ ಯಾರೂ ಬಿಡಿಸಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ಆರ್‌ವಿಯಲ್ಲಿ ಮೂರು ಟ್ಯಾಂಕ್. ಒಂದು ಒಳ್ಳೆ ನೀರು. ಒಂದು ಗ್ರೇ, ಪಾತ್ರೆ ತೊಳೆದ, ಸ್ನಾನ ಮಾಡಿದ ನೀರಿಗೆ. ಇನ್ನೊಂದು ಬ್ಲ್ಯಾಕ್, ಟಾಯ್ಲೆಟ್ಟಿಗೆ. ನಮ್ಮ ಕಡೆಯವರಿಗೆ ಚೊಂಬು ಬೇಕೇ ಬೇಕು, ಅಲ್ವಾ? ಇದು ತೊಂದರೆ ಅಂತ ಅನೇಕರು ಅಂದುಕೊಳ್ಳುತ್ತಾರೆ. ನಿಜ ಹೇಳಬೇಕೆಂದರೆ ಬ್ಲ್ಯಾಕ್ ಟ್ಯಾಂಕಿಗೆ ನೀರು ಜಾಸ್ತಿ ಹೋದಷ್ಟೂ ಒಳ್ಳೆಯದು. ಕಾಗದ ಜಾಸ್ತಿ, ನೀರು ಕಡಿಮೆ ಆದಾಗಲೇ ಅದು ಕಟ್ಟಿಕೊಳ್ಳುವುದು. ಚೊಂಬಿನವರು ಟ್ಯಾಂಕನ್ನು ಸ್ವಲ್ಪ ಬೇಗ ಖಾಲಿ ಮಾಡಬೇಕು, ಅಷ್ಟೇ. ಖಾಲಿ ಮಾಡುವಾಗ ಯಾವಾಗಲೂ ಬ್ಲ್ಯಾಕ್ ಮೊದಲು, ಗ್ರೇ ಆಮೇಲೆ. ಗ್ರೇ ಟ್ಯಾಂಕಿನ ಸೋಪು ನೀರು ಪೈಪನ್ನು ತೊಳೆದುಕೊಂಡು ಹೋಗುತ್ತದೆ. ಕೈಗವಸು ಹಾಕಿಕೊಳ್ಳಿ, ಕುಡಿಯುವ ನೀರಿನ ಪೈಪನ್ನು ಆ ಕಡೆ ತರಲೇಬೇಡಿ. ಮ್ಯಾಡಿಸನ್‌ನಲ್ಲೂ ಟ್ಯಾಂಕ್ ಖಾಲಿ ಮಾಡುವ ಜಾಗ, ಡಂಪ್ ಸ್ಟೇಶನ್, ಇದೆ. ನನ್ನ ಗಂಡ ಈ ಕೆಲಸ ಮಾಡುವಾಗ ಅಪ್ಪ ಪಕ್ಕದಲ್ಲಿ ನಿಂತು ಪ್ರತಿಯೊಂದನ್ನೂ ನೋಡಿದರು. ತೋಟದ ಪೈಪು, ವಾಲ್ವು ಜೀವಮಾನವಿಡೀ ನೋಡಿಕೊಂಡವರಿಗೆ ಇದು ಅರ್ಥವಾಗದೆ ಇರುತ್ತದೆಯೇ? ಮರುದಿನದಿಂದ ಟ್ಯಾಂಕಿನ ಮಟ್ಟ ನೋಡುವ ಕೆಲಸ ಅವರದ್ದೇ ಆಯಿತು.

ಅಡುಗೆ. ಇದನ್ನು ಹೇಳದೆ ಬಿಡಲಾರೆ. ಸರೋವರದ ಹತ್ತಿರದ ಆ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಕೊತಕೊತ ಕುದಿಯುತ್ತಿರುವಂತೆ ಕಾಣುತ್ತದೆ, ಬೇಳೆ ಮಾತ್ರ ಬೇಯುವುದಿಲ್ಲ. ಪ್ರೆಶರ್ ಕುಕ್ಕರ್ ಇಲ್ಲದೆ ಹೋಗಲೇಬೇಡಿ. ಕುಕ್ಕರಿನಲ್ಲೂ ಎರಡು ವಿಷಲ್ ಜಾಸ್ತಿ ಬೇಕು. ಅಮ್ಮ ಹೊರಡುವ ಮೊದಲೇ ಮನೆಯಲ್ಲಿ ಸಾರಿನ ಪುಡಿ, ಕಷಾಯದ ಪುಡಿ, ಚಟ್ನಿಪುಡಿ, ಗೊಜ್ಜವಲಕ್ಕಿಯ ಪುಡಿ ಮಾಡಿಟ್ಟುಕೊಂಡಿದ್ದರು. ಜೀರಿಗೆ, ಕಾಳುಮೆಣಸು ಹುರಿದು ಪುಡಿ ಮಾಡಿದ್ದನ್ನು ಮೊಸರಿಗೆ ಕಲಸಿ, ಮೇಲಿಂದ ಒಗ್ಗರಣೆ ಹಾಕಿದರೆ ತಂಬುಳಿ ಆಯಿತು. ಗ್ಯಾಸು ಹೆಚ್ಚು ಬೇಡ, ಪಾತ್ರೆ ಹೆಚ್ಚು ಬೇಡ, ತೊಳೆಯುವ ನೀರೂ ಬೇಡ. ಆರ್‌ವಿಗೆ ಅಂತಲೇ ಹುಟ್ಟಿದ ಅಡುಗೆ ಅದು. ಮಿಕ್ಸಿ ತರುವುದಾದರೆ ಅಮೆರಿಕದ 120 ವೋಲ್ಟಿನದೇ ಇರಲಿ. ಫಿಶಿಂಗ್ ಬ್ರಿಜ್‌ನಲ್ಲಿ ಕರೆಂಟಿದೆ ಅಂತ ಎಲ್ಲವನ್ನೂ ಒಟ್ಟಿಗೆ ಹಾಕಬೇಡಿ. ನಮ್ಮದು 30 ಆಂಪಿನ ಗಾಡಿ, ಅಂದರೆ ಎಲ್ಲ ಸೇರಿ 3,600 ವ್ಯಾಟ್. ಮೈಕ್ರೋವೇವ್, ಕೆಟಲ್, ಹೀಟರ್ ಒಟ್ಟಿಗೆ ಓಡಿದರೆ ಬ್ರೇಕರ್ ಬೀಳುತ್ತದೆ.

ಊಟ ಮುಗಿದ ಮೇಲೆ ಹೊರಗೆ ಏನೂ ಉಳಿಯಬಾರದು. ತಿಂಡಿ ಮಾತ್ರ ಅಲ್ಲ, ಖಾಲಿ ಪಾತ್ರೆ, ಸ್ಟೋವ್, ಕೂಲರ್, ಕಸದ ಚೀಲ ಯಾವುದೂ. ಒಮ್ಮೆ ಮನುಷ್ಯರ ಆಹಾರದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರಬಹುದು. ಮಕ್ಕಳಿಗೆ ಇದನ್ನು ವಿವರಿಸಿದ ಮೇಲೆ ಅವರೇ ರಾತ್ರಿ ಟಾರ್ಚ್ ಹಿಡಿದು ಸೈಟ್ ಸುತ್ತ ಒಂದು ಸುತ್ತು ಹಾಕಿ ಬರುತ್ತಿದ್ದರು.

ಇನ್ನು ತಿರುಗಾಟ. ದೊಡ್ಡ ಗಾಡಿ ಇದ್ದಾಗ ಬೆಳಿಗ್ಗೆ ಬೇಗ ಹೊರಡದೆ ಬೇರೆ ದಾರಿಯೇ ಇಲ್ಲ. ಗ್ರ್ಯಾಂಡ್ ಪ್ರಿಸ್ಮ್ಯಾಟಿಕ್ ಬಿಸಿನೀರ ಬುಗ್ಗೆ ಇರುವ ಮಿಡ್‌ವೇ ಗೀಸರ್ ಬೇಸಿನ್‌ನ ಪಾರ್ಕಿಂಗ್ ಚಿಕ್ಕದು, ಹೊತ್ತೇರಿದರೆ ಆರ್‌ವಿಗೆ ಜಾಗ ಸಿಗುವುದು ಕಷ್ಟ. ಹಳ್ಳಿಯವರಿಗೆ ಐದು ಗಂಟೆಗೆ ಏಳುವುದು ಅಭ್ಯಾಸ. ಕಷಾಯ ಕುಡಿದು ಅಪ್ಪ ಅಮ್ಮ ನಮಗಿಂತ ಮೊದಲೇ ತಯಾರಾಗಿರುತ್ತಿದ್ದರು. ಆದರೆ ತಣ್ಣನೆಯ ಮುಂಜಾನೆ ಆ ಬುಗ್ಗೆಯ ಮೇಲೆ ಬರೀ ಹಬೆ, ಬಣ್ಣ ಕಾಣುವುದಿಲ್ಲ. ಅದೊಂದನ್ನು ಮಾತ್ರ ಸಂಜೆ, ಜನ ಕಡಿಮೆಯಾದ ಮೇಲೆ ನೋಡಿದೆವು. ಸೂರ್ಯ ಮುಳುಗುವುದು ಒಂಬತ್ತಕ್ಕೆ, ಬೇಕಾದಷ್ಟು ಬೆಳಕಿರುತ್ತದೆ. ಆ ಕಿತ್ತಳೆ, ಹಳದಿ ಬಣ್ಣ ಬಿಸಿಯಲ್ಲೇ ಬದುಕುವ ಸೂಕ್ಷ್ಮಜೀವಿಗಳದ್ದು. 1966ರಲ್ಲಿ ಇದೇ ಪಾರ್ಕಿನ ಬಿಸಿನೀರಿನಲ್ಲಿ ಥಾಮಸ್ ಬ್ರಾಕ್ ತಂಡಕ್ಕೆ ಸಿಕ್ಕ ಒಂದು ಬ್ಯಾಕ್ಟೀರಿಯಾದಿಂದಲೇ ಪಿಸಿಆರ್ ಪರೀಕ್ಷೆಗೆ ಬೇಕಾದ ಕಿಣ್ವ ಬಂತು. ಕೋವಿಡ್ ಟೆಸ್ಟ್ ನೆನಪಿರುವ ಮಕ್ಕಳಿಗೆ ಅದನ್ನು ಅಲ್ಲೇ ನಿಂತು ಹೇಳಿದೆ. ಹಲಗೆ ದಾರಿ ಬಿಟ್ಟು ಕಾಲಿಡಬಾರದು, ಪಕ್ಕದ ನೆಲ ತೆಳ್ಳಗಿನ ಪದರ, ಕೆಳಗೆ ಕುದಿನೀರು. ಮಕ್ಕಳ ಕೈ ಬಿಡಲೇ ಇಲ್ಲ ನಾನು.

ಓಲ್ಡ್ ಫೇಯ್ತ್‌ಫುಲ್ ಅನ್ನುವ ಚಿಮ್ಮುವ ಬಿಸಿನೀರ ಬುಗ್ಗೆಯ ಹತ್ತಿರ ಆರ್‌ವಿಯ ಬೆಲೆ ನಿಜವಾಗಿ ಗೊತ್ತಾಯಿತು. ಅದು ಸುಮಾರು ಒಂದೂವರೆ ಗಂಟೆಗೊಮ್ಮೆ ಚಿಮ್ಮುತ್ತದೆ, ಮುಂದಿನದು ಎಷ್ಟು ಹೊತ್ತಿಗೆ ಅಂತ ಬೋರ್ಡಿನಲ್ಲಿ ಹಾಕಿರುತ್ತಾರೆ, ಹತ್ತು ನಿಮಿಷ ಆಚೆ ಈಚೆ. ನಾವು ಹೋದಾಗ ಆಗಷ್ಟೇ ಮುಗಿದಿತ್ತು. ಉಳಿದವರೆಲ್ಲ ಬಿಸಿಲಿನಲ್ಲಿ ಬೆಂಚು ಹಿಡಿದು ಕೂತರು. ನಾವು ಗಾಡಿಗೆ ಬಂದು ಊಟ ಮಾಡಿದೆವು, ಅಪ್ಪ ಒಂದು ನಿದ್ದೆ ತೆಗೆದರು. ಹೊತ್ತಾದಾಗ ಅಳಿಯ ಹೋಗಿ "ಮಾವ, ಏಳಿ" ಅಂತ ಎಬ್ಬಿಸಿದರು. ನೀರು ನೂರು ಅಡಿಗೂ ಮೇಲೆ ಎದ್ದಾಗ ಅಪ್ಪ ಅದನ್ನು ದಣಿವಿಲ್ಲದ ಕಣ್ಣಿನಿಂದ ನೋಡಿದರು.

ಅಲ್ಲಿಂದ ಫಿಶಿಂಗ್ ಬ್ರಿಜ್‌ಗೆ ಹೋಗುವ ದಾರಿಯಲ್ಲಿ ಕ್ರೇಗ್ ಪಾಸ್ ಅನ್ನುವ ಘಾಟಿ, 8,262 ಅಡಿ. ರಸ್ತೆ ಪಕ್ಕದಲ್ಲೇ ಐಸಾ ಲೇಕ್ ಅನ್ನುವ ಪುಟ್ಟ ಕೆರೆ. ಅದರ ಪೂರ್ವದ ತುದಿಯ ನೀರು ಸುತ್ತಿ ಬಳಸಿ ಪಶ್ಚಿಮದ ಪೆಸಿಫಿಕ್‌ಗೆ ಹೋಗುತ್ತದೆ, ಪಶ್ಚಿಮದ ತುದಿಯದು ಗಲ್ಫ್ ಆಫ್ ಮೆಕ್ಸಿಕೊಗೆ. ಶರಾವತಿ ಒಂದು ಕಡೆ, ತುಂಗೆ ಇನ್ನೊಂದು ಕಡೆ ಹರಿಯುವ ಸೀಮೆಯವರು ಅಪ್ಪ. ಆದರೆ ಒಂದೇ ಕೆರೆ ಹೀಗೆ ಉಲ್ಟಾ ಹಂಚಿಕೊಳ್ಳುವುದನ್ನು ಅವರೂ ಕೇಳಿರಲಿಲ್ಲ. ಬೋರ್ಡನ್ನು ಎರಡು ಸಲ ಓದಿಸಿದರು. ಇಳಿಜಾರಿನಲ್ಲಿ ಸುಮ್ನೆ ಬ್ರೇಕ್ ಒತ್ತಿಕೊಂಡೇ ಹೋಗದೆ ಕೆಳಗಿನ ಗೇರ್ ಹಾಕಿ. ಹಿಂದೆ ಕಾರುಗಳ ಸಾಲು ಕಟ್ಟಿದರೆ ಪಕ್ಕದ ಜಾಗದಲ್ಲಿ ನಿಲ್ಲಿಸಿ ಬಿಟ್ಟುಕೊಡಿ.

ಹೇಡನ್ ಕಣಿವೆಯಲ್ಲಿ ಬೈಸನ್ ಹಿಂಡು ರಸ್ತೆಗೇ ಬಂತು. 900 ಕಿಲೋ ತೂಗಬಲ್ಲ ಪ್ರಾಣಿ, ಓಟದಲ್ಲಿ ಮನುಷ್ಯನನ್ನು ಸುಲಭವಾಗಿ ಮೀರಿಸುತ್ತದೆ. ಅದರಿಂದ ಕನಿಷ್ಠ 25 ಗಜ, ಕರಡಿ ತೋಳಗಳಿಂದ 100 ಗಜ ದೂರ ಇರಬೇಕು ಅನ್ನುವುದು ನಿಯಮ. ನಾವು ಎಂಜಿನ್ ಆಫ್ ಮಾಡಿದೆವು. ಅಮ್ಮ ಅಡುಗೆ ಕಟ್ಟೆಯ ಪಕ್ಕದ ಕಿಟಕಿಯಿಂದಲೇ ಎಲ್ಲ ನೋಡಿದರು. ಕೊನೆಯ ಜಾಗ ಆರ್ಟಿಸ್ಟ್ ಪಾಯಿಂಟ್, ಅಪ್ಪನ ಮಂಡಿಗೂ ಆಗುವಷ್ಟು ಚಿಕ್ಕ ನಡಿಗೆ. ಎದುರಿಗೆ 308 ಅಡಿಯ ಲೋಯರ್ ಫಾಲ್ಸ್. ಜೋಗ 830 ಅಡಿ ಅಂತ ಮೊಮ್ಮಗ ಹೇಳಿದ. "ಹೌದು, ಜೋಗ ಎತ್ತರ. ಆದರೆ ಇಲ್ಲಿ ಮೇಲೆ ಲಿಂಗನಮಕ್ಕಿ ಇಲ್ಲ ನೋಡು, ನೀರು ಪೂರ್ತಿ ಬರ್ತಾ ಇದೆ" ಅಂದರು ಅಪ್ಪ. ಅವರ ಮಾತು ಸರಿ. ಯೆಲ್ಲೋಸ್ಟೋನ್ ನದಿಯನ್ನು ಹಿಡಿದು ನಿಲ್ಲಿಸುವ ದೊಡ್ಡ ಅಣೆಕಟ್ಟು ಇಲ್ಲ.

ವಾಪಸ್ ಬರುವಾಗ ಪಕ್ಕದ ಗ್ರ್ಯಾಂಡ್ ಟೀಟನ್ ಪಾರ್ಕಿನ ಮೂಲಕ ಜಾಕ್ಸನ್ ಊರಿಗೆ ಇಳಿದೆವು. ಅಲ್ಲಿಂದ ಟೀಟನ್ ಪಾಸ್ ಹತ್ತಿರದ ದಾರಿ ಅಂತ ಮ್ಯಾಪ್ ತೋರಿಸಬಹುದು. ಅದು ತುಂಬಾ ಕಡಿದಾದ ಘಾಟಿ, ಬಾಡಿಗೆ ಆರ್‌ವಿಯಲ್ಲಿ ಬೇಡ. ಸ್ನೇಕ್ ನದಿಯ ಜೊತೆಗೇ ಸಾಗುವ ಆಲ್ಪೈನ್ ದಾರಿ ಹಿಡಿಯಿರಿ. ಪಾರ್ಕ್ ಬಿಡುವ ಮೊದಲೇ ಟ್ಯಾಂಕ್ ಖಾಲಿ ಮಾಡಿ ತೊಳೆದುಬಿಡಿ. ಗಾಡಿ ಒಪ್ಪಿಸುವ ಊರಿನಲ್ಲಿ ಪ್ರೊಪೇನ್, ಪೆಟ್ರೋಲ್ ತುಂಬಿಸಲು ಒಂದು ಗಂಟೆ ಕೈಯಲ್ಲಿಟ್ಟುಕೊಳ್ಳಿ. ಆ ಗಂಟೆಯನ್ನೂ ಸೇರಿಸಿಯೇ ವಾಪಸ್ ವಿಮಾನದ ಟಿಕೆಟ್ ಮಾಡಿಸಿ.