ಬೆನ್ನುಮೂಳೆ ಸ್ಕ್ರೂ ಲಾಕ್ ಜಾರ್ತಿದ್ಯಾ? ಟಾರ್ಕ್ ಏರಿಸೋಕ್ಮುಂಚೆ ಇದನ್ನ ನೋಡಿ

ಪೆಡಿಕಲ್ ಸ್ಕ್ರೂ (ಬೆನ್ನುಮೂಳೆಗೆ ಹಾಕಿ, ಅದರ ತಲೆಯಲ್ಲಿ ರಾಡ್ ಅನ್ನೋ ಲೋಹದ ಕಡ್ಡಿ ಹಿಡಿಸೋ ಸ್ಕ್ರೂ) ಡಿಸೈನ್ ಮಾಡೋ ಕಡೆ ಲಾಕ್ ಜಾರ್ತಿದೆ ಅಂದ ತಕ್ಷಣ ಮೊದಲು ಬರೋ ಮಾತು ಟಾರ್ಕ್ (ತಿರುಗಿಸಿ ಬಿಗಿ ಮಾಡೋ ಬಲ) ಜಾಸ್ತಿ ಮಾಡೋಣ ಅಂತ. 10 ನ್ಯೂಟನ್ ಮೀಟರ್ ಇದ್ದಿದ್ದನ್ನ 12 ಮಾಡ್ತಾರೆ, ಟೆಸ್ಟಲ್ಲಿ ನಂಬರ್ ಒಂಚೂರು ಮೇಲೆ ಹೋಗತ್ತೆ, ಫೈಲ್ ಮುಂದಕ್ಕೆ ಹೋಗತ್ತೆ. ಆದ್ರೆ ಆ ಹೆಚ್ಚಿನ ಬಲ ರಾಡ್ ಹಿಡಿಯೋಕೆ ಹೋಯ್ತಾ ಇಲ್ಲಾ ತಲೆಯನ್ನ ಅಗಲ ಮಾಡೋಕೆ ಹೋಯ್ತಾ ಅಂತ ಯಾರೂ ನೋಡಿರಲ್ಲ. ಇದು ಒಬ್ಬರ ಬೆನ್ನೊಳಗೆ ವರ್ಷಗಟ್ಟಲೆ ಇರೋ ವಸ್ತು, ಅದಕ್ಕೇ ಈ ಒಂದು ಪ್ರಶ್ನೆ ಬಿಡಬೇಡಿ ಅಂತ ಹೇಳೋಕೆ ಇಷ್ಟು ಉದ್ದ ಬರೀತಿದ್ದೀನಿ.

ಮೊದಲು ಯಾವ ಜಾಯಿಂಟ್ ಜಾರ್ತಿದೆ ಅಂತ ಕಂಡುಹಿಡೀರಿ. ಪಾಲಿಆಕ್ಸಿಯಲ್ (ತಲೆ ಎಲ್ಲಾ ಕಡೆ ಬಾಗೋ) ಸ್ಕ್ರೂನಲ್ಲಿ ಮೂಳೆಗೆ ಹೋಗೋ ಸ್ಕ್ರೂವಿನ ಮೇಲ್ತುದಿ ಒಂದು ಗುಂಡು, ಅದರ ಮೇಲೆ ಯು ಆಕಾರದ ಟುಲಿಪ್ (ತಲೆ ಅನ್ನೋದು ಇದನ್ನೇ), ಒಳಗೆ ಚಿಕ್ಕ ಸ್ಯಾಡಲ್, ಸ್ಯಾಡಲ್ ಮೇಲೆ ರಾಡ್ (ಹೆಚ್ಚಾಗಿ 5.5 ಇಲ್ಲಾ 6 ಮಿಲಿಮೀಟರ್), ಮೇಲಿಂದ ಸೆಟ್ ಸ್ಕ್ರೂ. ಸೆಟ್ ಸ್ಕ್ರೂ ರಾಡನ್ನ ಒತ್ತತ್ತೆ, ರಾಡ್ ಸ್ಯಾಡಲನ್ನ ಒತ್ತತ್ತೆ, ಸ್ಯಾಡಲ್ ಗುಂಡನ್ನ ಹಿಡಿಯತ್ತೆ. ಅಂದ್ರೆ ಒಂದೇ ಬಿಗಿತದಲ್ಲಿ ಎರಡು ಲಾಕ್ ಆಗ್ಬೇಕು. ಟೆಸ್ಟ್ ಮುಂಚೆ ರಾಡ್ ಮತ್ತು ಟುಲಿಪ್ ಸೇರೋ ಕಡೆ ಒಂದು ಸಣ್ಣ ಗೆರೆ, ಟುಲಿಪ್ ಮತ್ತು ಸ್ಕ್ರೂ ಕುತ್ತಿಗೆ ಸೇರೋ ಕಡೆ ಇನ್ನೊಂದು ಗೆರೆ ಎಳೀರಿ, ಲೋಡ್ ಹಾಕಿದ ಮೇಲೆ ಯಾವ ಗೆರೆ ಮುರಿದಿದೆ ನೋಡಿ. ಎಎಸ್‌ಟಿಎಂ (ಟೆಸ್ಟ್ ಮಾನದಂಡ ಮಾಡೋ ಸಂಸ್ಥೆ) ಎಫ್ 1798 ಪದ್ಧತಿ ಇರೋದೇ ಇದಕ್ಕೆ, ರಾಡ್ ಉದ್ದಕ್ಕೆ ಜಾರೋದು, ರಾಡ್ ಸುತ್ತೋದು, ತಲೆ ಬಾಗೋದು ಮೂರನ್ನೂ ಬೇರೆಬೇರೆಯಾಗಿ ಅಳೀಬಹುದು. ಬಾಗಿಸೋ ಲೋಡಲ್ಲಿ ಸಾಮಾನ್ಯವಾಗಿ ಮೊದಲು ಸೋಲೋದು ಗುಂಡಿನ ಜಾಯಿಂಟೇ. ಅದು ಜಾರಿದ್ರೆ ಸ್ಕ್ರೂ ಮುರಿಯೋದು ತಪ್ಪತ್ತೆ ಅನ್ನೋ ವಾದ ಇದೆ, ಅದರಲ್ಲಿ ಸತ್ಯಾನೂ ಇದೆ, ಆದ್ರೆ ಸರ್ಜನ್ ಕಷ್ಟಪಟ್ಟು ನೇರ ಮಾಡಿದ ಬೆನ್ನು ಆ ಜಾರಿಕೆಯಲ್ಲಿ ವಾಪಸ್ ಬಾಗತ್ತೆ, ಹಾಗಾಗಿ ಎಷ್ಟು ಲೋಡಿಗೆ ಜಾರ್ಬೇಕು ಅನ್ನೋದನ್ನ ನೀವು ನಿರ್ಧಾರ ಮಾಡಿರ್ಬೇಕು, ತಾನಾಗೇ ಆಗೋಕೆ ಬಿಡಬಾರದು.

ಈಗ ಥ್ರೆಡ್, ಅಂದ್ರೆ ಸೆಟ್ ಸ್ಕ್ರೂ ಮತ್ತು ಟುಲಿಪ್ ಒಂದಕ್ಕೊಂದು ಕಚ್ಚೋ ಸುರುಳಿ ಹಲ್ಲು. ನನ್ನ ಪ್ರಕಾರ ಅರ್ಧ ಸಮಸ್ಯೆ ಇಲ್ಲೇ ಇದೆ. ಟುಲಿಪ್ ಅಂದ್ರೆ ಪೂರ್ತಿ ನಟ್ ಅಲ್ಲ, ರಾಡ್ ಕೂರೋಕೆ ಸೀಳಿರೋ ನಟ್, ಎರಡು ತೋಳು ಮೇಲೆ ತೆರೆದುಕೊಂಡು ನಿಂತಿರತ್ತೆ. ಮಾಮೂಲಿ ವಿ ಥ್ರೆಡ್ ಹಾಕಿದ್ರೆ ಬಿಗಿ ಮಾಡಿದಷ್ಟೂ ಇಳಿಜಾರಿನ ಮುಖ ತೋಳುಗಳನ್ನ ಹೊರಕ್ಕೆ ತಳ್ಳತ್ತೆ. ಒಂದು ಅಂದಾಜು ಲೆಕ್ಕ ಮಾಡಿ ನೋಡಿ: 10 ನ್ಯೂಟನ್ ಮೀಟರ್ ಟಾರ್ಕ್, 10 ಮಿಲಿಮೀಟರ್ ಸೆಟ್ ಸ್ಕ್ರೂ, ನಟ್ ಫ್ಯಾಕ್ಟರ್ (ಟಾರ್ಕ್ ಎಷ್ಟು ಒತ್ತೋ ಬಲ ಆಗತ್ತೆ ಅಂತ ಲೆಕ್ಕ ಹಾಕೋಕೆ ಬಳಸೋ ಅಂಕಿ) 0.2 ಅಂದ್ಕೊಂಡ್ರೆ ಕೆಳಕ್ಕೆ ಒತ್ತೋ ಬಲ ಸುಮಾರು 5000 ನ್ಯೂಟನ್. ಥ್ರೆಡ್ ಮುಖ 30 ಡಿಗ್ರಿ ಇಳಿಜಾರಿದ್ರೆ ಮುಖದ ಮೇಲಿನ ಘರ್ಷಣೆ ಬಿಟ್ಟು ಹೊರಕ್ಕೆ ತಳ್ಳೋದು ಒಟ್ಟು 2900 ನ್ಯೂಟನ್ ಹತ್ರ. ಅದೇ 5 ಡಿಗ್ರಿಯ ಬಟ್ರೆಸ್ ಥ್ರೆಡ್ (ಬಲ ಹೊರೋ ಮುಖ ಹೆಚ್ಚುಕಮ್ಮಿ ನೇರ ಇರೋದು) ಆದ್ರೆ 440 ಅಷ್ಟೇ. ಚೌಕ ಥ್ರೆಡ್‌ಗೆ ಹೆಚ್ಚುಕಮ್ಮಿ ಸೊನ್ನೆ, ಮುಖವನ್ನ ಉಲ್ಟಾ ಕೋನಕ್ಕೆ ಕೊಟ್ರೆ ತೋಳುಗಳನ್ನ ಒಳಕ್ಕೇ ಎಳೆಯತ್ತೆ.

ತೋಳು ಅಗಲ ಆದ್ರೆ ಥ್ರೆಡ್ ಕಚ್ಚಿಕೊಂಡಿರೋ ಆಳ ಕಡಿಮೆ ಆಗತ್ತೆ, ಬಿಗಿತ ಇಳಿಯತ್ತೆ, ಇನ್ನೂ ಬಿಗಿ ಮಾಡಿದ್ರೆ ಥ್ರೆಡ್ ಹಾರತ್ತೆ. ಬಿಗಿ ಮಾಡೋಕೆ ಮುಂಚೆ ಒಮ್ಮೆ, ಮಾಡಿದ ಮೇಲೆ ಒಮ್ಮೆ ತೋಳುಗಳ ಹೊರ ಅಳತೆಯನ್ನ ಮೈಕ್ರೋಮೀಟರಲ್ಲಿ ತಗೊಳ್ಳಿ, ಸೆಟ್ ಸ್ಕ್ರೂ ಬಿಚ್ಚಿ ಮೂರನೇ ಸಲಾನೂ ತಗೊಳ್ಳಿ. ಬಿಚ್ಚಿದ ಮೇಲೂ ಮೊದಲಿನ ಅಳತೆಗೆ ಬರಲಿಲ್ಲ ಅಂದ್ರೆ ಲೋಹ ಶಾಶ್ವತವಾಗಿ ಬಾಗಿದೆ, ಆ ಡಿಸೈನಲ್ಲಿ ಟಾರ್ಕ್ ಏರಿಸೋ ಮಾತೇ ಬೇಡ. ತೋಳು ದಪ್ಪ ಮಾಡಿ ಇದನ್ನ ಮುಚ್ಚಬೇಡಿ, ತಲೆ ದೊಡ್ಡದಾದ್ರೆ ಪಕ್ಕದ ಕೀಲಿಗೆ ತಾಗತ್ತೆ, ಸಣಕಲು ರೋಗಿಗಳಿಗೆ ಚರ್ಮದ ಕೆಳಗೇ ಒತ್ತತ್ತೆ.

ಥ್ರೆಡ್ ಶುರುವಾಗೋ ಜಾಗ ಮರೀಬೇಡಿ. ಮೊದಲ ಸುತ್ತಿನ ತೆಳುವಾದ ಚೂಪು ಅಂಚನ್ನ ಕತ್ತರಿಸಿ ಮೊಂಡು ಮಾಡಿ, ಕೆಳಗೆ ಥ್ರೆಡ್ ಇಲ್ಲದ ಸ್ವಲ್ಪ ದಾರಿ ಭಾಗ ಕೊಡಿ. ಆಪರೇಷನ್ ಗಾಯದ ಆಳದಲ್ಲಿ ರಕ್ತದ ಮಧ್ಯೆ ಸೆಟ್ ಸ್ಕ್ರೂ ಓರೆಯಾಗಿ ಹಿಡ್ಕೊಂಡ್ರೆ ಡ್ರೈವರ್ ಟಾರ್ಕ್ ತೋರಿಸತ್ತೆ, ಸರ್ಜನ್‌ಗೆ ಬಿಗಿ ಆಯ್ತು ಅನ್ಸತ್ತೆ, ಒಳಗೆ ರಾಡ್ ಮೇಲೆ ಬಲಾನೇ ಇರಲ್ಲ.

ಇಂಥದ್ದೇ ಇನ್ನೊಂದು ಸುಳ್ಳು ಲಾಕ್ ರಾಡ್ ಪೂರ್ತಿ ಕೂರದೇ ಇದ್ದಾಗ ಆಗತ್ತೆ. ಟೆಸ್ಟ್ ಆದ ಮೇಲೆ ರಾಡ್ ಹೊರಗೆ ತೆಗೆದು ಲೆನ್ಸ್ ಕೆಳಗೆ ಇಡಿ. ಸರಿಯಾಗಿ ಕೂತಿದ್ರೆ ಒತ್ತಿದ ಗುರುತು ಎರಡೂ ಬದಿಗೆ ಸಮವಾಗಿರತ್ತೆ. ಓರೆಯಾಗಿದ್ರೆ ಒಂದೇ ಬದಿಯಲ್ಲಿ ಉಗುರು ಒತ್ತಿದ ಹಾಗೆ ಅರ್ಧಚಂದ್ರ, ಅದರ ಅಂಚಲ್ಲಿ ಎದ್ದು ನಿಂತ ಸಣ್ಣ ಬರ್ (ಲೋಹದ ಚೂಪು ಸಿಬಿರು). ಆ ಅರ್ಧಚಂದ್ರ ಎರಡು ಥರ ಕೆಟ್ಟದ್ದು, ಹಿಡಿತಾನೂ ಇಲ್ಲ, ಟೈಟಾನಿಯಂಗೆ ಕಚ್ಚು ಬಿದ್ರೆ ಫಟೀಗ್ ಬಲ (ಮತ್ತೆ ಮತ್ತೆ ಬರೋ ಲೋಡ್ ತಡೆಯೋ ಶಕ್ತಿ) ಇಳಿಯತ್ತಲ್ಲ, ಬಿರುಕು ಶುರುವಾಗೋಕೆ ಅಲ್ಲೇ ಜಾಗ ಸಿಗತ್ತೆ. ಸೆಟ್ ಸ್ಕ್ರೂ ತಳಕ್ಕೆ ಚೂಪು ಅಂಚು ಬೇಡ, ರೇಡಿಯಸ್ ಕೊಡಿ. ರಾಡ್ ಸ್ವಲ್ಪ ಓರೆ ಇದ್ರೂ ತಿರುಗಿ ಹೊಂದಿಕೊಳ್ಳೋ ಪ್ರತ್ಯೇಕ ಒತ್ತುಬಿಲ್ಲೆ ಇಡಬಹುದು, ಆದ್ರೆ ಭಾಗ ಒಂದು ಹೆಚ್ಚಾಯ್ತು ಅಂದ್ರೆ ಉಜ್ಜೋ ಜಾಗಾನೂ ಹೆಚ್ಚಾಯ್ತು ಅನ್ನೋದು ನೆನಪಿರಲಿ.

ಗುಂಡಿನ ಕಡೆ ನಯವಾದ ಮೇಲ್ಮೈ ಬದಲು ಸಣ್ಣ ಏಣು ಹಾಕಿದ್ರೆ ಸ್ಯಾಡಲ್ ಅದರೊಳಗೆ ಕಚ್ಕೊಳತ್ತೆ. ಗುಂಡಿನ ವ್ಯಾಸ ಜಾಸ್ತಿ ಮಾಡಿದ್ರೂ ಹಿಡಿತ ಹೆಚ್ಚತ್ತೆ, ಆದ್ರೆ ತಲೆ ಮತ್ತೆ ಊದತ್ತೆ. ಮೊದಲು ಸ್ಯಾಡಲ್‌ನ ತಗ್ಗು ಮತ್ತು ಗುಂಡು ಎರಡರ ರೇಡಿಯಸ್ ಟಾಲರೆನ್ಸ್ (ಅಳತೆಯಲ್ಲಿ ಬಿಡೋ ವ್ಯತ್ಯಾಸ) ನೋಡಿ, ಎಷ್ಟೋ ಸಲ ಅಲ್ಲೇ ಸರಿಹೋಗತ್ತೆ.

ಟೈಟಾನಿಯಂ ಮೇಲೆ ಟೈಟಾನಿಯಂ ಉಜ್ಜಿದ್ರೆ ಅಂಟ್ಕೊಂಡು ಹರಿಯತ್ತೆ, ಆಗ ಟಾರ್ಕ್ ಎಲ್ಲಾ ಘರ್ಷಣೆಗೇ ಖರ್ಚು. ಅದಕ್ಕೆ ಥ್ರೆಡ್‌ಗೆ ಆನೊಡೈಸಿಂಗ್ (ಕರೆಂಟ್ ಹಾಯಿಸಿ ಮೇಲೆ ಆಕ್ಸೈಡ್ ಪದರ ಬೆಳೆಸೋದು) ನೋಡಿ, ಒಣಗಿದ್ದಾಗ ಮಾತ್ರ ಅಲ್ಲ, ಸಲೈನ್ ಇಲ್ಲಾ ಸೀರಂ ಹಚ್ಚಿಯೂ ಟಾರ್ಕ್ ಎಷ್ಟು ಬಲ ಕೊಡತ್ತೆ ಅಳೀರಿ. ಬಿಗಿ ಮಾಡುವಾಗ ಟುಲಿಪ್ ತಿರುಗದ ಹಾಗೆ ಹಿಡಿಯೋ ಕೌಂಟರ್ ಟಾರ್ಕ್ ಉಪಕರಣಾನೂ ಡಿಸೈನಿನ ಭಾಗಾನೇ, ಅದಿಲ್ಲದೇ ಹೋದ್ರೆ ತಿರುಚೋ ಬಲ ಸೀದಾ ಮೂಳೆಗೆ ಹೋಗತ್ತೆ.

ಕೊನೆಗೆ ಇಡೀ ಜೋಡಣೆಯನ್ನ ಎಎಸ್‌ಟಿಎಂ ಎಫ್ 1717 ಪ್ರಕಾರ ಪಾಲಿಥೀನ್ ಬ್ಲಾಕಲ್ಲಿ ಹಾಕಿ 50 ಲಕ್ಷ ಸೈಕಲ್ (ಲೋಡ್ ಹಾಕಿ ಇಳಿಸೋ ಸುತ್ತು) ಓಡಿಸ್ತೀರಿ. ಮುರೀಲಿಲ್ಲ ಅಂತ ಅಲ್ಲಿಗೇ ನಿಲ್ಲಿಸಬೇಡಿ. ಹೊಸ ಜೋಡಣೆಯ ಸೆಟ್ ಸ್ಕ್ರೂ ಬಿಚ್ಚೋಕೆ ಎಷ್ಟು ಟಾರ್ಕ್ ಬೇಕಾಯ್ತು, ಸೈಕಲ್ ಮುಗಿಸಿದ್ದನ್ನ ಬಿಚ್ಚೋಕೆ ಎಷ್ಟು ಬೇಕಾಯ್ತು ಅಂತ ಒಂದೊಂದು ಸ್ಕ್ರೂಗೂ ಬೇರೆಬೇರೆ ಬರ್ಕೊಳ್ಳಿ, ಸರಾಸರಿ ತೆಗೆದು ಬಿಟ್ರೆ ಸಡಿಲಾದ ಒಂದು ಸ್ಕ್ರೂ ಉಳಿದವುಗಳ ಮಧ್ಯೆ ಕಾಣೋದೇ ಇಲ್ಲ. ಅದೇ ಸ್ಕ್ರೂವಿನ ಟುಲಿಪನ್ನ ಉದ್ದಕ್ಕೆ ಸೀಳಿ ಥ್ರೆಡ್ ಮುಖ ನೋಡಿ, ಉಜ್ಜಿದ ಹೊಳಪು ತುದಿಯಲ್ಲಿ ಮಾತ್ರ ಇದ್ರೆ ತೋಳು ತೆರೆದಿತ್ತು ಅಂತಾನೇ ಅರ್ಥ.