ಗಾಳಕ್ಕಿಂತ ಮೊದಲು ಎರೆ

ಮೀನಿಗೆ ಹೋಗುವ ದಿನ ಬೆಳಿಗ್ಗೆ ನಮ್ಮ ಚಿಕ್ಕಪ್ಪ ಅವಸರ ಮಾಡಿದ್ದನ್ನು ನಾನು ನೋಡಿಲ್ಲ. ಅವರ ಅವಸರವೆಲ್ಲ ಹಿಂದಿನ ದಿನ ಸಂಜೆಗೆ. ವಾಟೆ ಕೋಲು, ದಾರ, ಬೆಂಡು ಎಲ್ಲ ಮಾಡಿನ ಕೆಳಗೆ ಹಾಗೇ ಸಿಕ್ಕಿಸಿಟ್ಟಿರುತ್ತಿತ್ತು. ಅವರು ಮಾತ್ರ ಸಣ್ಣ ಗುದ್ದಲಿ ಹಿಡಿದು ಬಚ್ಚಲ ಹಿಂದೆ ಹೋಗುತ್ತಿದ್ದರು. "ಕೋಲು ಯಾರು ಬೇಕಾದ್ರೂ ಕಡೀಬಹುದು ಮಾರಾಯ, ಎರೆ ನೋಡು ಮೊದ್ಲು" ಅನ್ನುತ್ತಿದ್ದರು. ತೀರ್ಥಹಳ್ಳಿ ಕಡೆಯ ನಮ್ಮೂರಲ್ಲಿ ಗಾಳಕ್ಕೆ ಚುಚ್ಚುವುದೆಲ್ಲ ಎರೆಯೇ. ಮಣ್ಣಿನ ಹುಳವೂ ಎರೆ, ಸೀಗಡಿ ಚುಚ್ಚಿದರೆ ಅದೂ ಎರೆ.

ಈಗ ನಾನು ಶಿವಮೊಗ್ಗದಲ್ಲಿ ಬಾಡಿಗೆ ಮನೆಯಲ್ಲಿದ್ದೇನೆ. ಅಂಗಳಕ್ಕೆ ಸಿಮೆಂಟ್ ಹಾಕಿದ್ದಾರೆ. ಅಗೆಯಲು ಒಂದು ಅಡಿ ಮಣ್ಣಿಲ್ಲ. ಹಾಗಾಗಿ ಎರೆ ಹಿಡಿಯುವುದು, ಕೊಳ್ಳುವುದು ಎರಡೂ ನನಗೆ ಗೊತ್ತು. ಎರಡರಲ್ಲೂ ಪೆಟ್ಟು ತಿಂದಿದ್ದೇನೆ.

ಮೊದಲು ಹಿಡಿಯುವುದು. ಎರೆಹುಳ ಚರ್ಮದಿಂದಲೇ ಉಸಿರಾಡುತ್ತದೆ. ಚರ್ಮ ಒಣಗಿತೋ, ಸತ್ತಿತು ಅಂತಲೇ ಲೆಕ್ಕ. ಈ ಒಂದು ವಿಷಯ ತಲೆಯಲ್ಲಿದ್ದರೆ ಎಲ್ಲಿ ಹುಡುಕಬೇಕು ಅನ್ನುವುದು ತಾನೇ ಗೊತ್ತಾಗುತ್ತದೆ. ಯಾವಾಗಲೂ ತೇವ ಇರುವ, ಬಿಸಿಲು ಬೀಳದ, ಏನಾದರೂ ಕೊಳೆಯುತ್ತಿರುವ ಜಾಗ. ಬಚ್ಚಲ ನೀರು ಹೋಗುವ ಕಡೆ, ಬಾಳೆ ಬುಡ, ಗೊಬ್ಬರ ಗುಂಡಿಯ ಅಂಚು. ಗುಂಡಿಯ ನಡುವೆ ಅಗೆಯಬೇಡಿ. ಹೊಸ ಸಗಣಿ ಒಳಗೆ ಬಿಸಿಯಾಗಿರುತ್ತದೆ, ಅಲ್ಲಿ ಹುಳ ನಿಲ್ಲುವುದಿಲ್ಲ. ನಮ್ಮ ಮನೆಯ ಬಚ್ಚಲ ಹಿಂದೆ ಈಗ ಮೊದಲಿನಷ್ಟು ಸಿಗುವುದಿಲ್ಲ. ಬಟ್ಟೆ ಒಗೆಯುವ ಪುಡಿಯ ನೀರು ಅಲ್ಲಿಗೇ ಹೋಗುವುದಕ್ಕೆ ಶುರುವಾದ ಮೇಲೆ ಹೀಗಾಯಿತು ಅಂತ ನನ್ನ ಅನುಮಾನ. ಈಗ ಊರಿಗೆ ಹೋದರೆ ನೇರ ತೋಟಕ್ಕೇ ಇಳಿಯುತ್ತೇನೆ. ಬಸಿಗಾಲುವೆ ಪಕ್ಕ ಬಿದ್ದು ಕೊಳೆತ ಅಡಿಕೆ ಹಾಳೆಯನ್ನು ಬೆಳಿಗ್ಗೆ ಬೇಗ ಮೆಲ್ಲಗೆ ಎತ್ತಿದರೆ ಸಾಕು. ಎಷ್ಟೋ ಸಲ ಗುದ್ದಲಿಯೇ ಬೇಡ. ಗುದ್ದಲಿ ಹಾಕಿದಷ್ಟೂ ತುಂಡಾದ ಹುಳ ಜಾಸ್ತಿ, ಅಲ್ವಾ?

ಕಷ್ಟ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಮೇಲಿನ ಮಣ್ಣು ಒಣಗಿ ಹುಳ ಕೆಳಗೆ ಇಳಿದಿರುತ್ತದೆ. ಮೊಣಕಾಲುದ್ದ ಅಗೆದರೂ ನಾಲ್ಕು ಸಿಕ್ಕರೆ ಹೆಚ್ಚು. ಅದಕ್ಕೆ ಚಿಕ್ಕಪ್ಪನ ಉಪಾಯ ಇದು. ನೆರಳಲ್ಲಿ ಒಂದು ಗಜ ಜಾಗ ಕೆದಕಿ ಸಡಿಲ ಮಾಡಬೇಕು. ತೆಳ್ಳಗೆ ಕಲಸಿದ ಸಗಣಿ ನೀರು ಸುರಿಯಬೇಕು. ಮೇಲೆ ಹಳೇ ಗೋಣಿಚೀಲ ಹಾಸಿ ದಿನಾ ಸಂಜೆ ಒಂದು ಕೊಡ ನೀರು ಹಾಕಬೇಕು. ನಾಲ್ಕನೇ ದಿನಕ್ಕೋ ಐದನೇ ದಿನಕ್ಕೋ ಚೀಲ ಎತ್ತಿದರೆ ಅದರ ಅಡಿಗೇ ಅಂಟಿಕೊಂಡಿರುತ್ತವೆ. ಚೀಲ ಗೋಣಿನಾರಿನದೇ ಆಗಬೇಕು. ಪ್ಲಾಸ್ಟಿಕ್ ಗೊಬ್ಬರದ ಚೀಲ ಹಾಸಿ ನೋಡಿದ್ದೇನೆ, ಕೆಳಗೆ ಬಿಸಿಯಾಗಿ ಒಂದೂ ಬರಲಿಲ್ಲ.

ಅಂಟುವಾಳದ ನೀರು ಸುರಿದರೆ ಹುಳ ತಾನಾಗಿ ಮೇಲೆ ಬರುತ್ತದೆ ಅಂತ ಗೆಳೆಯನೊಬ್ಬ ಹೇಳಿದ್ದ. ನಿಜ, ಬಂತು. ಐದು ನಿಮಿಷಕ್ಕೆ ಹತ್ತಿಪ್ಪತ್ತು ಹುಳ ಒದ್ದಾಡುತ್ತಾ ಹೊರಗೆ. ಆದರೆ ಅದು ಚರ್ಮ ಉರಿದು ಬಂದ ಹುಳ. ತಕ್ಷಣ ಒಳ್ಳೆ ನೀರಲ್ಲಿ ತೊಳೆದರೂ ನನ್ನವು ಹೊಳೆ ತಲುಪುವಷ್ಟರಲ್ಲಿ ಅರ್ಧ ಸುಸ್ತಾಗಿದ್ದವು. ಇನ್ನೊಂದು ವಿಷಯ, ಅಂಟುವಾಳದ ನೊರೆ ಮೀನಿನ ಕಿವಿರಿಗೂ ವಿಷವೇ. ಹಳ್ಳದ ದಂಡೆಯಲ್ಲಂತೂ ಈ ಕೆಲಸ ಬೇಡವೇ ಬೇಡ. ನಾನು ಮತ್ತೆ ಮಾಡಿಲ್ಲ.

ಹಿಡಿದದ್ದನ್ನು ಜೀವಂತ ಇಡುವುದು ಹಿಡಿಯುವುದಕ್ಕಿಂತ ದೊಡ್ಡ ಕೆಲಸ. ಊರಲ್ಲಿ ಅಡಿಕೆ ಹಾಳೆಯನ್ನು ಕೊಟ್ಟೆ ಕಟ್ಟಿ, ಹುಳ ಸಿಕ್ಕ ಜಾಗದ ಮಣ್ಣನ್ನೇ ಹಾಕಿ ಅದರಲ್ಲಿ ಬಿಡುತ್ತೇವೆ. ಹಾಳೆ ತಂಪಾಗಿರುತ್ತದೆ, ಗಾಳಿಯೂ ಆಡುತ್ತದೆ. ಮಣ್ಣು ಒದ್ದೆ ಇರಬೇಕು, ಕೆಸರಾಗಬಾರದು. ತುಂಡಾದ ಹುಳವನ್ನು ಅದರೊಳಗೆ ಸೇರಿಸಬಾರದು. ಒಂದು ಕೊಳೆತರೆ ಬೆಳಿಗ್ಗೆಗೆ ಪೂರ್ತಿ ಕೊಟ್ಟೆಯೇ ನಾರುತ್ತದೆ. ನಾನೇ ಕಂಡುಕೊಂಡದ್ದು ಒಂದಿದೆ. ಮರದ ಮೇಲಿನ ಹಸಿ ಪಾಚಿ ಒಂದು ಹಿಡಿ ತಂದು, ಮಣ್ಣಿಲ್ಲದೆ ಅದರಲ್ಲೇ ಹುಳವನ್ನು ಒಂದು ರಾತ್ರಿ ಬಿಟ್ಟರೆ ಹೊಟ್ಟೆಯ ಮಣ್ಣೆಲ್ಲ ಖಾಲಿ ಮಾಡಿಕೊಂಡು ಕೆಂಪಗೆ, ಗಟ್ಟಿಯಾಗುತ್ತದೆ. ಚುಚ್ಚಿದರೆ ಹರಿಯುವುದಿಲ್ಲ. ಮಣ್ಣು ತುಂಬಿದ ಹುಳ ಹಾಗಲ್ಲ, ಗಾಳದ ಮುಳ್ಳು ತಾಗಿದ ಕೂಡಲೇ ಪಿಚಕ್ಕಂತ ಒಡೆಯುತ್ತದೆ.

ಬೂದಿಯ ವಿಚಾರದಲ್ಲಿ ಮಾತ್ರ ನನಗೂ ಚಿಕ್ಕಪ್ಪನಿಗೂ ಕೊನೆವರೆಗೂ ಜಗಳ. ಹುಳ ಜಾರುತ್ತದೆ ಅಂತ ಅವರು ಬೆರಳನ್ನು ಒಲೆ ಬೂದಿಗೆ ಅದ್ದಿ ಚುಚ್ಚುತ್ತಿದ್ದರು. ಹಿಡಿತ ಚೆನ್ನಾಗಿ ಸಿಗುತ್ತದೆ, ನಿಜ. ಆದರೆ ಬೂದಿ ಹುಳದ ತೇವ ಹೀರಿ ಅದನ್ನು ಅಲ್ಲೇ ಮಲಗಿಸುತ್ತದೆ. ಆಡದ ಹುಳಕ್ಕೆ ಗಿರ್ಲು ಮೀನು ಬಂದರೂ ಬರಬಹುದು, ಕೊರವ ಮೀನು ತಿರುಗಿಯೂ ನೋಡುವುದಿಲ್ಲ. ನಾನು ಒಣ ಮಣ್ಣು ಮುಟ್ಟಿ ಚುಚ್ಚುತ್ತೇನೆ, ಬಾಲದ ಕಡೆ ಒಂದು ಇಂಚು ಆಡುವುದಕ್ಕೆ ಬಿಡುತ್ತೇನೆ. ಮಳೆ ಬಂದು ನೀರು ರಾಡಿಯಾದಾಗ ಈ ಲೆಕ್ಕವೆಲ್ಲ ಇಲ್ಲ. ಆಗ ಮುರುಗೋಡು ಮೀನಿಗೆ ವಾಸನೆಯೇ ಸಾಕು.

ಇನ್ನು ಕೊಳ್ಳುವುದು. ಪೇಟೆಯಲ್ಲಿ ಗಾಳದ ಮುಳ್ಳು, ದಾರ ಸಿಗುತ್ತದೆ. ಎರೆ ಬೇಕೆಂದರೆ ಅಂಗಡಿಯವರು ನಕ್ಕು ಕಳಿಸುತ್ತಾರೆ. ನನಗೆ ದಾರಿ ಸಿಕ್ಕಿದ್ದು ಎರೆಗೊಬ್ಬರ ಮಾಡುವವರ ಹತ್ತಿರ. ಅವರು ಹುಳವನ್ನು ತೂಕಕ್ಕೆ ಮಾರುತ್ತಾರೆ. ಮೊದಲ ಸಲ ಕಾಲು ಕಿಲೋಗೆ ನೂರು ರೂಪಾಯಿ ಕೊಟ್ಟೆ. ಅಷ್ಟು ಹುಳ ನನಗೆ ಎರಡು ತಿಂಗಳಿಗೂ ಜಾಸ್ತಿ. ತೂಕದಲ್ಲಿ ಗೊಬ್ಬರವೂ ಸೇರಿರುತ್ತದೆ, ಆದ್ದರಿಂದ ಕೈ ಹಾಕಿ ನೋಡಿ ತಗೊಳ್ಳಿ. ಈ ಹುಳ ನಮ್ಮ ತೋಟದ್ದಲ್ಲ. ನಮ್ಮ ಕಡೆ ಗೊಬ್ಬರದ ತೊಟ್ಟಿಯಲ್ಲಿ ಹೆಚ್ಚಾಗಿ ಸಾಕುವುದು ಆಫ್ರಿಕಾ ಮೂಲದ, ನೇರಳೆ ಮಿಂಚಿನ ಉದ್ದ ಹುಳ. ಮುಟ್ಟಿದರೆ ಚಿಮ್ಮುತ್ತದೆ. ಗಾಳಕ್ಕೆ ಬಹಳ ಒಳ್ಳೆಯದು, ಸ್ವಲ್ಪ ಮೆತ್ತಗೆ ಅಷ್ಟೇ.

ಆ ಚಿಮ್ಮುವ ಗುಣ ನನಗೆ ಗೊತ್ತಿರಲಿಲ್ಲ. ಹುಳವನ್ನು ಮುಚ್ಚಳ ಇಲ್ಲದ ಟಬ್ಬಿನಲ್ಲಿ ಹಾಕಿ ಜಗಲಿಯಲ್ಲಿಟ್ಟು ಮಲಗಿದೆ. ರಾತ್ರಿ ಮಳೆ ಹೊಡೆಯಿತು. ಬೆಳಿಗ್ಗೆ ಐದೂವರೆಗೆ ಪಕ್ಕದ ಮನೆ ಅಜ್ಜಿ ರಂಗೋಲಿ ಹಾಕಲು ಬಂದವರು ಕೂಗಿಕೊಂಡರು. ಜಗಲಿ, ಗೋಡೆ, ಮೆಟ್ಟಿಲು, ಅವರ ಹೊಸಿಲವರೆಗೂ ಹುಳ. ಹೊಸ ಜಾಗಕ್ಕೆ ಬಂದ ಹುಳ, ಅದರಲ್ಲೂ ಮಳೆ ರಾತ್ರಿ, ಹೀಗೆ ಎದ್ದು ಹೊರಡುತ್ತದೆಯಂತೆ. ಗೊಬ್ಬರದವರು ಆಮೇಲೆ ಹೇಳಿದರು. ಅವರೇ ಹೇಳಿದ ಮದ್ದೂ ಸುಲಭ. ಹುಳಕ್ಕೆ ಬೆಳಕು ಆಗುವುದಿಲ್ಲ, ಮೊದಲ ಎರಡು ರಾತ್ರಿ ಟಬ್ಬಿನ ಮೇಲೆ ಒಂದು ಬಲ್ಬ್ ಉರಿಸಿ ಬಿಡಿ. ಅಂದಿನಿಂದ ಒಂದೂ ಹೊರಗೆ ಬಂದಿಲ್ಲ. ಇನ್ನೊಂದು ಸಲ ಡಬ್ಬಿಯನ್ನು ಸ್ಕೂಟರ್ ಡಿಕ್ಕಿಯಲ್ಲಿ ಮರೆತು ಮಧ್ಯಾಹ್ನ ಎರಡು ಗಂಟೆಗೆ ತೆಗೆದೆ. ಆ ವಾಸನೆಯನ್ನು ವಿವರಿಸುವುದಿಲ್ಲ. ಮಳೆಗಾಲ ಬಂದು ಹೋದ ಮೇಲೂ ಡಿಕ್ಕಿಯಲ್ಲಿ ಹೆಲ್ಮೆಟ್ ಇಡಲಾಗಲಿಲ್ಲ.

ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರಿನ ಕಡೆ ಹೋದರೆ ಹುಳಕ್ಕಿಂತ ಜೀವಂತ ಸಣ್ಣ ಮೀನೇ ಮೇಲು. ಬಾಳೆ ಮೀನಿಗಂತೂ ಅದೇ ಆಗಬೇಕು. ಪಕ್ಕೆ ಅನ್ನುವ ಸಣ್ಣ ಮೀನಿನ ಮರಿ ಹಿಡಿಯಲು ಎರಡು ಲೀಟರಿನ ನೀರಿನ ಬಾಟಲಿ ಸಾಕು. ಕುತ್ತಿಗೆಯ ಕೆಳಗೆ ಕತ್ತರಿಸಿ, ಆ ಭಾಗವನ್ನು ತಿರುಗಿಸಿ ಒಳಗೆ ಕೂರಿಸಿ ಹೊಲಿಯಬೇಕು. ಕಾಯಿಸಿದ ಮೊಳೆಯಿಂದ ಸುತ್ತ ತೂತು ಮಾಡಬೇಕು. ಒಳಗೆ ಒಂದು ಚಿಟಿಕೆ ಅವಲಕ್ಕಿ, ಒಂದು ಕಲ್ಲು. ಹರಿಯುವ ನೀರಲ್ಲಾದರೆ ಬಾಯಿ ಕೆಳಹರಿವಿನ ಕಡೆಗೆ ಇರಲಿ. ವಾಸನೆ ಹೋಗುವುದು ಆ ಕಡೆಗೇ, ಮೀನು ಬರುವುದೂ ಆ ಕಡೆಯಿಂದಲೇ. ಇಪ್ಪತ್ತು ನಿಮಿಷಕ್ಕೆ ಎತ್ತಿ ನೋಡಿ. ಬರುವಾಗ ಬಾಟಲಿಯನ್ನು ನೀರಲ್ಲಿ ಬಿಟ್ಟು ಬರಬೇಡಿ, ಅದು ಮುಂದೂ ಮೀನನ್ನು ಸಾಯಿಸುತ್ತಲೇ ಇರುತ್ತದೆ. ಸೊಳ್ಳೆ ಪರದೆ ಎಳೆಯುವವರೂ ಇದ್ದಾರೆ. ನನಗೆ ಹತ್ತು ಬೇಕಾದಲ್ಲಿ ಐನೂರು ಮರಿ ದಡಕ್ಕೆ ಬರುವುದು ಸರಿ ಕಾಣಲಿಲ್ಲ.

ಬಕೆಟ್ಟಿನಲ್ಲಿ ಹಿಡಿದ ಜಾಗದ ನೀರೇ ಇರಬೇಕು. ನಲ್ಲಿ ನೀರಿನ ಕ್ಲೋರಿನ್‌ಗೆ ಪಕ್ಕೆ ತಡೆಯುವುದಿಲ್ಲ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ. ಅದಕ್ಕೇ ಬಕೆಟ್ಟಿಗೆ ಒದ್ದೆ ಬಟ್ಟೆ ಸುತ್ತಿ ನೆರಳಲ್ಲಿಡುತ್ತೇನೆ, ಬೆರಳುದ್ದದ ಮೀನು ಎಂಟೋ ಹತ್ತೋ ಮಾತ್ರ ಬಿಡುತ್ತೇನೆ. ಮೀನೆಲ್ಲ ಮೇಲೆ ಬಂದು ಬಾಯಿ ಬಡಿಯತೊಡಗಿದರೆ ಅರ್ಧ ನೀರು ಬದಲಿಸಿ, ಪೂರ್ತಿ ಚೆಲ್ಲಬೇಡಿ. ಚುಚ್ಚುವುದು ಬೆನ್ನ ರೆಕ್ಕೆಯ ಕೆಳಗೆ, ಬೆನ್ನುಮೂಳೆಗೆ ತಾಗದ ಹಾಗೆ. ಬಾಳೆ ಮೀನಿನ ಹಲ್ಲು ದಾರವನ್ನು ಸುಲಭವಾಗಿ ಕತ್ತರಿಸುತ್ತದೆ. ಮುಳ್ಳಿನ ಹತ್ತಿರ ಒಂದು ಗೇಣು ತಂತಿ ಕಟ್ಟಿದ್ದರೆ ಬಚಾವ್.

ಗದ್ದೆ ಬದುವಿನ ಏಡಿಯೂ ಒಳ್ಳೆ ಎರೆ. ಬಿಲದ ಬಾಯಲ್ಲಿ ಹಸಿ ಮಣ್ಣಿನ ಉಂಡೆ ಇದ್ದರೆ ಒಳಗೆ ಏಡಿ ಇದೆ ಅಂತ. ಕೊಂಡಿ ಮುರಿದು ಚುಚ್ಚಬೇಕು. ಚಿಪ್ಪು ಕಳಚಿದ ಮೆತ್ತನೆ ಏಡಿ ಸಿಕ್ಕರೆ ಹಾವು ಮೀನು ಬಿಡುವುದೇ ಇಲ್ಲ. ಆದರೆ ಬದು ಅಗೆದು ಬೇರೆಯವರ ಗದ್ದೆ ನೀರು ಖಾಲಿ ಮಾಡಿದರೆ ಬೈಗುಳ ನಿಮಗೇ. ಕೆರೆಯಾದರೆ ಇನ್ನೂ ಒಂದು ಕೆಲಸ ಇದೆ. ಎಷ್ಟೋ ಕೆರೆಗಳ ಮೀನು ಸಹಕಾರ ಸಂಘಕ್ಕೋ ಗುತ್ತಿಗೆದಾರರಿಗೋ ಸೇರಿರುತ್ತದೆ. ಮೊದಲೇ ಕೇಳಿಕೊಂಡು ಇಳಿಯಿರಿ.

ಕಪ್ಪೆಯನ್ನು ನಾನು ಚುಚ್ಚುವುದಿಲ್ಲ. ಅದರ ಕಾಲಿನ ರಫ್ತನ್ನೇ 1987ರಲ್ಲಿ ನಿಲ್ಲಿಸಿದ ದೇಶ ಇದು. ಕೊರವನಿಗೆ ರಬ್ಬರ್ ಕಪ್ಪೆ ಸಿಗುತ್ತದೆ, ಸಾಕು. ಮರಿ ಗುಂಪನ್ನು ಕಾಯುತ್ತಿರುವ ಕೊರವ ಕಂಡರೆ ಅಲ್ಲಿ ಗಾಳವನ್ನೇ ಬಿಡುವುದಿಲ್ಲ. ಚಿಪ್ಪಲಗುಡ್ಡೆ, ಶೃಂಗೇರಿಯಂಥ ಮೀನು ಕಾಯುವ ಮಡುಗಳ ಹತ್ತಿರವಂತೂ ಕೋಲು ಹಿಡಿದು ಸುಳಿಯುವುದೂ ಇಲ್ಲ. ಮೊದಲ ಮಳೆಗೆ ಎರೆ ಕಾಲಡಿಗೇ ಸಿಗುತ್ತದೆ. ಆದರೆ ಮೀನು ಮೊಟ್ಟೆ ಹೊತ್ತು ಹರಿವಿಗೆ ಎದುರಾಗಿ ಹತ್ತುವುದೂ ಆಗಲೇ. ಆ ನಾಲ್ಕಾರು ವಾರ ಚಿಕ್ಕಪ್ಪ ಕೋಲನ್ನು ಮಾಡಿನಿಂದ ತೆಗೆಯುತ್ತಿರಲಿಲ್ಲ. ನಾನೂ ತೆಗೆಯುವುದಿಲ್ಲ.

ಉಳಿದ ಎರೆಯನ್ನು ಕಂಡ ಕಂಡ ನೀರಿಗೆ ಸುರಿಯಬೇಡಿ. ಹೊರಗಿನ ಜೀವ ಒಮ್ಮೆ ಸೇರಿದರೆ ಹರಡಿಬಿಡಬಹುದು. ಜಿಲೇಬಿ ಮೀನು (ತಿಲಾಪಿಯಾ) 1952ರಲ್ಲಿ ಹೊರಗಿನಿಂದ ನಮ್ಮ ದೇಶಕ್ಕೆ ಬಂದದ್ದು, ಈಗ ಅದಿಲ್ಲದ ಕೆರೆ ಹುಡುಕಬೇಕು. ಪಕ್ಕೆ ಉಳಿದರೆ ಹಿಡಿದ ಹಳ್ಳಕ್ಕೇ ವಾಪಸ್ ಬಿಡುತ್ತೇನೆ. ಕೊಂಡ ಹುಳ ಉಳಿದರೆ ಮನೆಯ ಮಣ್ಣಿನ ಕುಂಡಕ್ಕೆ. ಅದರಲ್ಲಿ ತರಕಾರಿ ಸಿಪ್ಪೆ ಹಾಕುತ್ತಾ ಎರಡು ವರ್ಷವಾಯಿತು, ಮತ್ತೆ ಕೊಳ್ಳುವ ಕೆಲಸವೇ ಬಿದ್ದಿಲ್ಲ. ಪಕ್ಕದ ಮನೆ ಅಜ್ಜಿ ಈಗ ತಮ್ಮ ದಾಸವಾಳಕ್ಕೆ ಆ ಕುಂಡದ ಮಣ್ಣು ಕೇಳುತ್ತಾರೆ. "ಹುಳ ಬೇಡಪ್ಪ, ಬರೀ ಮಣ್ಣು ಕೊಡು" ಅಂತ. ಹುಳ ಆರಿಸಿ ತೆಗೆದು ಕೊಡುತ್ತಾ ಕೂರುವುದು ಭಾನುವಾರದ ಹೊಸ ಕೆಲಸ.