ಬಾಗಿಲಿನಿಂದ ಶುರುಮಾಡಿ: 1969ರ ಕಮಾರೋಗೆ ಬಾಡಿ ಭಾಗ ಹುಡುಕಿ ಹೊಂದಿಸುವ ಬಗೆ

ಅಮೆರಿಕದ ಎರಡು ಬಾಗಿಲಿನ ಕಾರಾದ ಹಳೆಯ ಶೆವರ್ಲೆ ಕಮಾರೋ ಕೊಂಡವರು ಮೊದಲು ತರಿಸುವುದು ಉಬ್ಬಿದ ಕೌಲ್ ಇಂಡಕ್ಷನ್ ಬಾನೆಟ್ (ವಿಂಡ್‌ಷೀಲ್ಡಿನ ಬುಡದಿಂದ ಎಂಜಿನ್‌ಗೆ ಗಾಳಿ ಎಳೆಯುವಂಥದ್ದು). ಅದು ಕೂರದಿದ್ದಾಗ ಫೆಂಡರ್ (ಮುಂದಿನ ಚಕ್ರದ ಮೇಲಿನ ತಗಡು) ಎಳೆಯುತ್ತಾರೆ, ಆಗ ಬಾಗಿಲು ತಾಗತೊಡಗುತ್ತದೆ, ಕೊನೆಗೆ ಎಲ್ಲದಕ್ಕೂ ಪುಟ್ಟಿ ಮೆತ್ತುತ್ತಾರೆ. ಈ ಕೆಲಸ ಹಿಂದಿನಿಂದ ಮುಂದಕ್ಕೆ ನಡೆಯಬೇಕು. ಬಾನೆಟ್‌ನ ಸರದಿ ಕೊನೆಯದು.

1. ಗಾಡಿ ಯಾವುದೆಂದು ನೋಡಿ. ವಿಂಡ್‌ಷೀಲ್ಡ್ ಮೂಲಕ ಕಾಣುವ ನಂಬರ್ 12337 ಎಂದು ಶುರುವಾದರೆ ಆರು ಸಿಲಿಂಡರ್ ಕೂಪೆ (ಗಟ್ಟಿ ಚಾವಣಿಯ ಗಾಡಿ), 12437 ಆದರೆ ವಿ8, ಅಂದರೆ ಎಂಟು ಸಿಲಿಂಡರಿನದು. ಎಂಜಿನ್ ಹಿಂದಿನ ಗೋಡೆಯ ಫಲಕದಲ್ಲಿ ಎಕ್ಸ್33 ಅಥವಾ ಎಕ್ಸ್77 ಇದ್ದರೆ ಅದು ಬೆಲೆಬಾಳುವ ರೇಸಿಂಗ್ ಮಾದರಿಯಾದ ಝಡ್/28 ಇರಬಹುದು. ಪರಿಣತರಿಗೆ ತೋರಿಸುವವರೆಗೆ ಒಂದು ಬೋಲ್ಟನ್ನೂ ಬಿಚ್ಚಬೇಡಿ. ರೂಪ ಬದಲಿಸಲು ಆರು ಸಿಲಿಂಡರಿನ ಗಾಡಿಯೇ ಸರಿ.

2. ಯಾವುದು ಯಾವುದಕ್ಕೆ ಕೂರುತ್ತದೆ. 1967–68ರ ಬಾನೆಟ್, ಡಿಕ್ಕಿ ಮುಚ್ಚಳ 1969ಕ್ಕೂ ಕೂರುತ್ತವೆ. ಫೆಂಡರ್, ಬಾಗಿಲಿನ ಹೊರತಗಡು, ಹಿಂಬದಿಯ ಕ್ವಾರ್ಟರ್ ಪ್ಯಾನೆಲ್ (ಹಿಂದಿನ ಚಕ್ರದ ಮೇಲಿನ ತಗಡು) ಕೂರುವುದಿಲ್ಲ. 1969ರಲ್ಲಿ ಅವೆಲ್ಲ ಹೊಸದಾಗಿ ಬಂದವು. ‘67–69 ಫೆಂಡರ್’ ಎಂದು ಯಾರಾದರೂ ಮಾರುತ್ತಿದ್ದರೆ ಮುಂದಕ್ಕೆ ಹೋಗಿ.

3. ಎಲ್ಲಿ ಹುಡುಕುವುದು. ಅರಿಜೋನದ ಗುಜರಿಗಳ ತಗಡಿಗೆ ನನ್ನ ಮೊದಲ ಮತ. ಒಣಹವೆಯಿಂದ ಅಲ್ಲಿ ಪೇಂಟ್ ಸುಟ್ಟಿರುತ್ತದೆ, ತಗಡು ಉಳಿದಿರುತ್ತದೆ. ಮಿಷಿಗನ್, ಒಹಾಯೋಗಳಲ್ಲಿ ಚಳಿಗಾಲದ ರಸ್ತೆಯ ಉಪ್ಪು ಒಳಗಿನಿಂದ ತಿಂದಿರುತ್ತದೆ. ಪೆನ್ಸಿಲ್ವೇನಿಯಾದ ಕಾರ್ಲೈಲ್‌ನ ಬಿಡಿಭಾಗಗಳ ಸಂತೆಗೆ ಹೋಗುವವರು ಮ್ಯಾಗ್ನೆಟ್ ಒಯ್ಯಿರಿ. ಅಂಟದ ಕಡೆ ಪುಟ್ಟಿ ಇದೆ. ಹೊಸದಾಗಿ ಅಚ್ಚು ಹಾಕಿದ ಭಾಗ ಕೊಳ್ಳುವುದಾದರೆ ಜನರಲ್ ಮೋಟರ್ಸ್ ಪರವಾನಗಿ ಇರುವುದನ್ನೇ ಕೊಳ್ಳಿ. ಅಗ್ಗದ ಫೆಂಡರ್‌ಗಳಲ್ಲಿ ತಗಡಿನ ಮಡಿಕೆಯ ಗೆರೆ ಮೊಂಡಾಗಿರುತ್ತದೆ, ಬೋಲ್ಟಿನ ತೂತು ತಪ್ಪಿರುತ್ತದೆ. ಉಳಿಸಿದ ದುಡ್ಡು ಟಿಂಕರಿಂಗ್‌ಗೆ ಹೋಗುತ್ತದೆ. ಲಾರಿಯಲ್ಲಿ ಬಂದ ಭಾಗವನ್ನು ಬಿಚ್ಚಿ ನೋಡಿ, ನೆಗ್ಗಿದ್ದರೆ ರಸೀದಿಯಲ್ಲಿ ಬರೆದೇ ಸಹಿ ಹಾಕಿ.

4. ಪೇಂಟ್‌ಗೆ ಮುಂಚೆ ಎಲ್ಲವನ್ನೂ ಕೂರಿಸಿ. ಎಲ್ಲರೂ ಎಡವುವುದು ಇಲ್ಲೇ. ಗಾಡಿ ತನ್ನ ನಾಲ್ಕು ಚಕ್ರಗಳ ಮೇಲೆ ನಿಂತಿರಲಿ. ಬಾಡಿಯ ಅಡಿಗೆ ಜಾಕ್ ಕೊಟ್ಟರೆ ಅದು ತಿರುಚಿಕೊಂಡು ಸಂದುಗಳೆಲ್ಲ ಸುಳ್ಳು ಹೇಳುತ್ತವೆ. ಬಾಡಿ ಮತ್ತು ಸಬ್‌ಫ್ರೇಮ್ (ಎಂಜಿನ್ ಹೊರುವ ಮುಂದಿನ ಚೌಕಟ್ಟು) ನಡುವಿನ ಹಳೆಯ ರಬ್ಬರ್ ಬುಷ್‌ಗಳನ್ನು ಮೊದಲೇ ಬದಲಿಸಿ.

ಬಾಗಿಲನ್ನು ಅರ್ಧ ತೆರೆದು ಹಿಂದಿನ ಅಂಚನ್ನು ಮೇಲೆತ್ತಿ. ಅಲುಗಾಡಿದರೆ ಹಿಂಜಿನ ಪಿನ್ನು, ಬುಷ್ ಸವೆದಿವೆ. ಹೊಸದು ಹಾಕದೆ ಮುಂದೆ ಹೋಗಬೇಡಿ. ಬಾಗಿಲ ಹಿಂದಿನ ಕಂಬದ ಮೇಲಿನ ಸ್ಟ್ರೈಕರ್ (ಬಾಗಿಲಿನ ಚಿಲಕ ಕಚ್ಚಿಕೊಳ್ಳುವ ಗೂಟ) ಬಿಚ್ಚಿಡಿ, ಇಲ್ಲದಿದ್ದರೆ ಅದು ಜೋತ ಬಾಗಿಲನ್ನು ಎತ್ತಿ ಹಿಡಿದು ಮೋಸ ಮಾಡುತ್ತದೆ. ಕ್ವಾರ್ಟರ್ ಪ್ಯಾನೆಲ್‌ಗೂ ಬಾಗಿಲಿಗೂ ನಡುವೆ ಮೇಲಿಂದ ಕೆಳಗೆ ಒಂದೇ ಸಮ 4–5 ಮಿ.ಮೀ. ಸಂದು ಬರಲಿ.

ಆಮೇಲೆ ಫೆಂಡರ್. ಬಾಗಿಲು ತೆರೆಯುವಾಗ ಅದರ ಮುಂದಿನ ಅಂಚು ಫೆಂಡರ್ ಒಳಕ್ಕೆ ತಿರುಗುವುದರಿಂದ ಸಂದು ಬಿಗಿಯಾದರೆ ಹೊಸ ಪೇಂಟ್ ಚಕ್ಕೆ ಏಳುತ್ತದೆ. ಸಂದು ಮೇಲೆ ಅಗಲ, ಕೆಳಗೆ ಬಿಗಿ ಇದ್ದರೆ ಫೆಂಡರನ್ನು ಬೈಯಬೇಡಿ. ರೇಡಿಯೇಟರ್ ಸಪೋರ್ಟಿನ (ರೇಡಿಯೇಟರ್ ಹಿಡಿದಿರುವ ಮುಂದಿನ ಚೌಕಟ್ಟಿನ) ಬುಷ್ ಕುಸಿದು ಗಾಡಿಯ ಮೂಗು ಬಾಗಿದೆ. ಸಪೋರ್ಟನ್ನು ಎತ್ತಿ ಶಿಮ್ (ತೆಳು ಲೋಹದ ಬಿಲ್ಲೆ) ಕೊಟ್ಟರೆ ಮೇಲಿನ ಸಂದು ಮುಚ್ಚಿಕೊಳ್ಳುತ್ತದೆ. ಒಮ್ಮೆಗೆ ಒಂದೇ ಶಿಮ್, ಪ್ರತಿ ಸಲ ಬೋಲ್ಟ್ ಬಿಗಿದು ಅಳೆಯಿರಿ. ಎರಡು ದಿನ ಹಿಡಿದರೂ ಹಿಡಿಯಲಿ.

ಬಾನೆಟ್‌ಗೆ ಮುಂಚೆ ಅದರ ಲಾಚ್ (ಚಿಲಕ) ಕಳಚಿ, ಹಿಂಜಿನ ಬೋಲ್ಟ್ ಸಡಿಲಿಸಿ, ಎರಡೂ ಫೆಂಡರ್‌ಗಳ ನಡುವೆ ಕೂರಿಸಿ. 2 ಇಂಚಿನ ಉಬ್ಬು ಸಾಕು. 4 ಇಂಚಿನದು ನೋಟವನ್ನು ಕೆಡಿಸಿ ದಾರಿಯನ್ನೂ ಮರೆಮಾಡುತ್ತದೆ. ಫೈಬರ್‌ಗ್ಲಾಸ್ ಬಾನೆಟ್ ಆರಿಸಿದರೆ ಸ್ಪ್ರಿಂಗ್ ಹಗುರವಾದದ್ದನ್ನು ಹಾಕಿ. ಮೂಲ ಸ್ಪ್ರಿಂಗಿನ ಬಿಗಿಗೆ ಅದು ಹಿಂಜಿನ ಹತ್ತಿರ ಬಾಗಿ ಬಿರುಕು ಬಿಡುತ್ತದೆ.

5. ಗುರುತು ಮಾಡಿ, ಬಿಚ್ಚಿ, ಪೇಂಟ್ ಹೊಡೆಸಿ. ಎಲ್ಲ ಸರಿಹೋದ ಮೇಲೆ ಪ್ರತಿ ಹಿಂಜು ಮತ್ತು ಅದರಡಿಯ ತಗಡನ್ನು ಒಟ್ಟಿಗೆ ತೂರುವಂತೆ 3 ಮಿ.ಮೀ. ತೂತು ಕೊರೆಯಿರಿ. ಪೇಂಟ್ ಆದ ಬಳಿಕ ಅದೇ ಡ್ರಿಲ್ ಬಿಟ್ ತೂರಿಸಿ ಬೋಲ್ಟ್ ಬಿಗಿದರೆ ಭಾಗ ಮೊದಲಿನ ಜಾಗಕ್ಕೇ ಬರುತ್ತದೆ. ಶಿಮ್‌ಗಳನ್ನು ಆಯಾ ಬೋಲ್ಟಿನ ಹೆಸರು ಬರೆದ ಪೊಟ್ಟಣಗಳಲ್ಲಿ ಬೇರೆ ಬೇರೆಯಾಗಿ ಇಡಿ.